ಅಮ್ಮ ಹೊಲಿದ ನಿಲುವಂಗಿ

ಭಾನುವಾರ, ಹದಿನಾಲ್ಕು.

"ತಾವೇ ಮಾಡಿಕೊಂಡ ವೇಷಕ್ಕೆ ಮಾತ್ರ ಬಹುಮಾನ" ಎಂಬ ನಿಯಮ ಬರೆದವಳು ನಾನೇ. ಜಪಾನಿನ ಅನಿಮೆ ಕಾರ್ಟೂನುಗಳ ಅಭಿಮಾನಿಗಳ ನಮ್ಮ ಪುಟ್ಟ ಸಮಾವೇಶದ ವೇಷ ಸ್ಪರ್ಧೆಯಲ್ಲಾದರೂ ದುಡ್ಡಲ್ಲ, ದುಡಿಮೆ ಗೆಲ್ಲಲಿ ಎಂದು. ಇವತ್ತು ಅದೇ ನಿಯಮ ಹೇಳಿ ತಂಗಿಯನ್ನು ವೇದಿಕೆಯಿಂದ ಇಳಿಸಿದೆ. ಅವಳ ನಿಲುವಂಗಿಯನ್ನು ಅಮ್ಮ ಹೊಲಿದಿದ್ದಳು. ಗಾರ್ಮೆಂಟ್ಸ್ ಕೆಲಸದಿಂದ ಬಂದು, ಹನ್ನೊಂದು ದಿನ. ಗೆದ್ದವನು ಅಂಗಡಿಯಿಂದ ತರಿಸಿದ ತುಂಡುಗಳಿಗೆ ತಾನೇ ಅಂಟು ಹಚ್ಚಿದ್ದ, ಅಷ್ಟೆ.

"ನಾನೇ ಹೊಲಿದೆ ಅಂತ ಸುಳ್ಳು ಹೇಳ್ಬೇಕಿತ್ತೇನೇ ಅಕ್ಕಾ?" ಎಂದಳು ತಂಗಿ.

ಅಮ್ಮ ಬೈಯಲಿಲ್ಲ. "ದುಡಿಯೋರು ದುಡಿಯೋರು ಅಂತ ಓದ್ತಾನೇ ಇರ್ತೀಯಲ್ಲ, ಅದರಲ್ಲಿ ನಾನೆಲ್ಲಿ ಬರ್ತೀನಿ ಮಗಳೇ?" ಎಂದು ಕೇಳಿ, ಹೊಲಿಗೆ ಮಷೀನಿಗೆ ಬಟ್ಟೆ ಮುಚ್ಚಿದಳು.

ನಾನು ಓದುವ ಕಾರ್ಮಿಕ ಸಂಘದ ಕರಪತ್ರಗಳನ್ನೆಲ್ಲ ಮತ್ತೆ ತಿರುವಿ ಹಾಕಿದೆ. ನಿಯಮ ಸರಿಯಾಗಿಯೇ ಇತ್ತು. ಅದನ್ನು ಅಮ್ಮನ ಮುಖ ನೋಡಿ ಹೇಳುವುದಕ್ಕೆ ಮಾತ್ರ ನನ್ನಿಂದಾಗಲಿಲ್ಲ.