ಎರಡನೇ ಮಹಡಿಯ ಫೋನು

ರೀ,

ನೀವು ಏಳೋವರೆಗೂ ಕಾಯೋಕೆ ನನ್ನ ಕೈಲಾಗಲ್ಲ. ನಿನ್ನೆಯಿಂದ ಒಂದು ಕಡೆ ಕೂರೋಕಾಗ್ತಿಲ್ಲ. ಕೆಲಸಕ್ಕೆ ಹೊರಟೆ.

ಊಟದ ಡಬ್ಬಿ ಮೇಜಿನ ಮೇಲಿದೆ. ಮೀಟಿಂಗಲ್ಲಿ ಕೊಡೋ ಬಿಸ್ಕತ್ತು ಮುಟ್ಟಬೇಡಿ. ಗಂಟೆಗೊಂದು ಸಲ ಆ ಕುರ್ಚಿ ಬಿಟ್ಟು ಏಳಿ.

ಶೂಸ್ ಬಾಗಿಲ ಹತ್ರ ಇದೆ. ಬಗ್ಗೋದು ಕಷ್ಟ ಅಂತ ಲೇಸ್ ಸಡಿಲ ಮಾಡಿದ್ದೀನಿ, ಹಾಗೇ ಕಾಲು ತೂರಿಸಿ. 'ನಾಳೆಯಿಂದ ವಾಕಿಂಗ್' ಅಂತ ಮೂಗಿಗೆ ತುಪ್ಪ ಸವರಿದ್ದು ಸಾಕು.

ಐದಕ್ಕೆ ಡಾಕ್ಟರ್ ಹತ್ರ ಹೆಸರು ಬರೆಸಿದ್ದೀನಿ. ಆಫೀಸಿನ ಪುರಾಣ ಬೇಡ, ನಾನೂ ಅಲ್ಲಿಗೇ ಬರ್ತೀನಿ.

ನಿನ್ನೆ ನಮ್ಮ ಬಿಲ್ಡಿಂಗ್ ಲಿಫ್ಟ್ ಕೆಟ್ಟಿತ್ತಲ್ಲ, ಎರಡನೇ ಮಹಡಿಯಲ್ಲಿ ಗೋಡೆಗೆ ಒರಗಿ, ಫೋನ್ ಕಿವಿಗಿಟ್ಟು 'ಹೂಂ ಸಾರ್, ಆಗ್ಲಿ ಸಾರ್' ಅಂತಿದ್ರಿ. ನಾನು ಮೇಲಿನ ಮೆಟ್ಟಿಲಿಂದ ನೋಡ್ತಿದ್ದೆ. ಯಾಕೋ ಅನುಮಾನ ಬಂದು ನಿಮಗೆ ಫೋನ್ ಮಾಡಿದೆ. ನಿಮ್ಮ ಕಿವಿ ಹತ್ರಾನೇ ರಿಂಗ್ ಆಯ್ತು. ಬೆಚ್ಚಿಬಿದ್ದು ಕಟ್ ಮಾಡಿದ್ರಿ, ಆಮೇಲೆ ಮತ್ತೆ 'ಹೂಂ ಸಾರ್' ಶುರು ಮಾಡಿದ್ರಿ. ನನಗೆ ನಗು ಬರಬೇಕಿತ್ತು, ಬರಲಿಲ್ಲ.

ಡಾಕ್ಟರ್ ಹೂಂ ಅಂದ್ರೆ ಇವತ್ತು ಮೆಟ್ಟಿಲು ಒಟ್ಟಿಗೇ ಹತ್ತೋಣ. ಉಸಿರು ಕಟ್ಟಿದ್ರೆ ನನ್ನ ಭುಜ ಹಿಡ್ಕೊಂಡು ಎಷ್ಟೊತ್ತು ಬೇಕಾದ್ರೂ ನಿಲ್ಲಿ. ಫೋನ್ ಮಾತ್ರ ನನ್ನ ಬ್ಯಾಗಲ್ಲಿರಲಿ.