ಎಲಚಿ ಕೊಂಬೆ ಹಿಡಿಯುವವನಿಗೆ

ಡರ್ಬನ್, ಭಾನುವಾರ

ಬೆಕಾನಿ ಅಣ್ಣನಿಗೆ,

ಅಮ್ಮ ತೀರಿಕೊಂಡ ಇಲ್ಲಿನ ಆಸ್ಪತ್ರೆಯ ವಾರ್ಡಿನ ಬಾಗಿಲವರೆಗೆ ನಿನ್ನನ್ನು ಬಿಡುತ್ತಾರಂತೆ. ಅವಳ ಜೀವವನ್ನು ಕೂರಿಸಿಕೊಂಡು ಮನೆಗೆ ಕರೆದೊಯ್ಯಲು ಎಲಚಿ ಕೊಂಬೆ ನೀನೇ ತಾ. ಟ್ಯಾಕ್ಸಿಯಲ್ಲಿ ಅವಳಿಗೂ ಒಂದು ಸೀಟು ಹಿಡಿ.

ಅದಕ್ಕೂ ಮೊದಲು ಒಂದು ಕೆಲಸವಿದೆ. ಅಮ್ಮನನ್ನು ನೋಡಿಕೊಳ್ಳುತ್ತಿದ್ದ ಝೋಡ್ವಾಳನ್ನು ವಾಪಸ್ ಕರೆಸು. "ರೋಗ ತಂದಿಟ್ಟವಳು ನೀನು, ಈ ಹೊಸ್ತಿಲು ತುಳೀಬೇಡ" ಅಂತ ಊರೆದುರಿಗೆ ಬೈದೆಯಂತೆ. ಕ್ಷಮೆಯನ್ನೂ ಊರೆದುರಿಗೇ ಕೇಳು.

ನೀನು, ಅಮ್ಮ, ಝೋಡ್ವಾ ಮೂವರೂ ಪರೀಕ್ಷೆಗೆ ಕೊಟ್ಟ ಗಂಟಲು ದ್ರವ ನನ್ನ ಲ್ಯಾಬಿಗೇ ಬಂದಿತ್ತು. ಒಬ್ಬೊಬ್ಬರ ವೈರಸ್ಸಿನ ವಂಶವಾಹಿಯ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಸಾಲಾಗಿ ಹೊಂದಿಸಿ, ಯಾವುದು ಯಾವುದಕ್ಕೆ ಹತ್ತಿರ ಅಂತ ವಂಶವೃಕ್ಷ ಬರೆಸುವುದು ನನ್ನ ಕೆಲಸ. ಝೋಡ್ವಾಳದು ದೂರದ ಬೇರೊಂದು ಕೊಂಬೆಯಲ್ಲಿದೆ. ಅಮ್ಮನದು ಮರದಲ್ಲಿ ಕಾಣಲೇ ಇಲ್ಲ. ಹುಡುಕಿದೆ. ಎರಡು ವೈರಸ್ ಅಕ್ಷರಕ್ಕಕ್ಷರ ಒಂದೇ ಆಗಿದ್ದರೆ ಕಂಪ್ಯೂಟರ್ ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ತೆಗೆದುಬಿಡುತ್ತದೆ. ತೆಗೆದದ್ದು ಅಮ್ಮನದು. ಉಳಿಸಿಕೊಂಡದ್ದು ಯಾರದು ಅಂತ ನನ್ನನ್ನು ಕೇಳಬೇಡ.

ನೀನು ಜೊಹಾನ್ಸ್‌ಬರ್ಗಿನಿಂದ ಬಂದ ದಿನ ಅಮ್ಮ ಫೋನಿನಲ್ಲಿ ಎಷ್ಟು ಖುಷಿಯಾಗಿದ್ದಳು. "ನಿಮ್ಮಣ್ಣ ಕೆಮ್ಮಿಕೊಂಡೇ ಬಂದಿದಾನೆ ಕಣೇ, ಪಕ್ಕದಲ್ಲೇ ಕೂರಿಸಿಕೊಂಡು ನನ್ನ ತಟ್ಟೇಲೇ ಉಣ್ಣಿಸ್ದೆ" ಅಂದಳು.

ದಪ್ಪ ಕೋಟು ಹಾಕಿಕೊಂಡು ಬಾ, ಇಲ್ಲಿ ಚಳಿ ಇದೆ. ಕೊಂಬೆ ಹಿಡಿದವನು ಮನೆ ಮುಟ್ಟುವವರೆಗೆ ಅಮ್ಮನನ್ನು ಬಿಟ್ಟು ಬೇರೆ ಯಾರ ಜೊತೆಗೂ ಮಾತಾಡುವಂತಿಲ್ಲ, ಗೊತ್ತಲ್ಲ. ದಾರಿ ಉದ್ದವಿದೆ. ಹೇಳಬೇಕಾದದ್ದನ್ನು ಅವಳಿಗೇ ಹೇಳು.

ನಾನು ಯಾರಿಗೂ ಹೇಳಿಲ್ಲ.

ನಿನ್ನ ತಂಗಿ,
ಥೋಕೊ