ನಿನ್ನ ವಯಸ್ಸು ಇಪ್ಪತ್ತಾರು

ಹೆಸರೇ ಗೊತ್ತಿಲ್ಲದ ತಂಗಿ,

ನೀ ದಾನ ಕೊಟ್ಟ ಅಂಡಾಣುವಿನ ಕೂಸು ನನ್ನ ಹೊಟ್ಟ್ಯಾಗ ಐತಿ, ಮೂರು ತಿಂಗಳಾತು. ಅದು ಆರೋಗ್ಯ ಐತೋ ಇಲ್ಲೋ ನೋಡಾಕ ಹೊಸಪೇಟ್ಯಾಗ ನನ್ನ ರಕ್ತ ತಗೊಂಡಿದ್ರು. ಫಾರಂನಾಗ ‘ಅಂಡಾಣು ಯಾರದು?’ ಅಂತಿತ್ತು. ಬಾಜೂಕ ನಮ್ಮ ಅತ್ತಿ ಕುಂತಿದ್ರು. ‘ಸ್ವಂತದ್ದು’ ಅಂತ ಬರೆದೆ. ರಕ್ತಕ್ಕೂ ಬರೆದದ್ದಕ್ಕೂ ತಾಳೆ ಆಗಲಿಲ್ಲಂತ, ರಿಪೋರ್ಟೇ ಬರಲಿಲ್ಲ.

ಇವತ್ತು ಮತ್ತ ರಕ್ತ ಕೊಟ್ಟೆ. “ಈ ಸಲ ಖರೇ ಬರೀರಿ ಅಕ್ಕಾ,” ಅಂತ ಕಿವ್ಯಾಗ ಅಂದ್ಲು ನರ್ಸ್. ಅತ್ತಿನ ಎಳನೀರಿಗೆ ಕಳಿಸಿ ‘ದಾನಿಯದು’ ಅಂತ ಬರೆದೆ, ವಯಸ್ಸು ಇಪ್ಪತ್ತಾರು. ನಿನ್ನ ಬಗ್ಗೆ ನನಗ ಹೇಳಿದ್ದು ಅಷ್ಟ.

ಅತ್ತಿ ಬಿಸಿಲಾಗ ಬೆವರಿಕೊಂತ ಬಂದು, “ಕುಡಿಯವ್ವಾ, ಕೂಸಿಗೆ ನಿನ್ನ ಕಣ್ಣೇ ಬರಲಿ,” ಅಂದ್ರು. ಹೂಂ ಅಂದು ಕುಡಿದೆ.

ನಿನ್ನ ಕಣ್ಣು ಹ್ಯಾಂಗ ಅದಾವ, ತಂಗಿ?